ಚಿಕ್ಕಮ್ಮನ ಬಚ್ಚಲು

ಪ್ರೇಮಾವತಿಯವರಿಗೆ ಸಿಟ್ಟು ಬಂದರೆ ಪಾತ್ರೆ ತಿಕ್ಕುತ್ತಾರೆ. ಈ ಸಲ ದೀಪಾವಳಿ ಹತ್ತಿರ ಬಂದಂತೆ ಮನೆಯಲ್ಲಿ ತಿಕ್ಕಲು ಒಂದು ಚಮಚವೂ ಉಳಿದಿರಲಿಲ್ಲ. "ಅತ್ತೆ, ಪಾತ್ರೆ ಸವೆದು ತೂತು ಬೀಳ್ತದೆ," ಎಂದು ಸೊಸೆ ಅಪೇಕ್ಷಾ ನಗಿಸಲು ನೋಡಿದಳು. ಪ್ರೇಮಾವತಿ ನಗಲಿಲ್ಲ. ಪುಣೆಯ ಹಡಪಸರದ ಆ ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಅವರು ಕೈ ಹಾಕದೆ ಬಿಟ್ಟ ಪಾತ್ರೆ ಒಂದೇ ಒಂದು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ದಾರದ ಕೆಳಗೆ ಬೋರಲಾಗಿ ಬಿದ್ದಿದ್ದ ದೊಡ್ಡ ತಾಮ್ರದ ಹಂಡೆ. ಅದರ ಕಡೆ ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ನೋಡುವುದಾದರೂ ಹೇಗೆ? ಎಷ್ಟೋ ವರ್ಷ ಹಬ್ಬದ ಮುನ್ನಾ ದಿನ ಆ ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಕುತ್ತಿಗೆಗೆ ಚೆಂಡುಹೂವಿನ ಸರ ಸುತ್ತಿ, ನೀರು ತುಂಬಿಸಿದವರು ಅವರೇ. ಕರಾವಳಿಯವರಿಗೆ ನೀರು ತುಂಬುವುದೇ ದೀಪಾವಳಿಯ ಮೊದಲ ಹಬ್ಬ. ಮರುದಿನ ಬೆಳಕು ಹರಿಯುವ ಮೊದಲು ಮನೆಮಂದಿಗೆಲ್ಲ ಎಣ್ಣೆಸ್ನಾನ. ಪ್ರೇಮಾವತಿಯವರ ಹಂಡೆಯ ನೀರು ಮನೆಮಂದಿಗೆ ಮಾತ್ರ ಅಲ್ಲ, ಫ್ಲೈಓವರಿನ ಕೆಳಗೆ, ಬಸ್ ಸ್ಟ್ಯಾಂಡಿನ ಗೋಡೆ ಬದಿಯಲ್ಲಿ ಮಲಗುವವರಿಗೂ ಆಗುತ್ತಿತ್ತು. ಈ ವರ್ಷ ಹಂಡೆ ಇತ್ತು, ಅದನ್ನು ಇಡಲು ಒಲೆ ಇರಲಿಲ್ಲ. ಒಲೆ ಇದ್ದ ಬಚ್ಚಲೂ, ಬಚ್ಚಲು ಇದ್ದ ಹೋಟೆಲೂ, ಹೋಟೆಲು ಇದ್ದ ಹಳೆಯ ಕಟ್ಟಡವೂ ದಸರೆ ಮುಗಿದ ವಾರವೇ ನೆಲಸಮವಾಗಿದ್ದವು. ಅಲ್ಲೊಂದು ಎತ್ತರದ ಕಟ್ಟಡ ಬರುತ್ತದಂತೆ. ಬರಲಿ ಪಾಪ, ಯಾರಿಗೋ ಮನೆಯಾಗುತ್ತದೆ. ಆದರೆ ದೀಪಾವಳಿಯ ಬೆಳಿಗ್ಗೆ ಬಾಗಿಲಿಗೆ ಬರುವವರಿಗೆ ಏನು ಹೇಳುವುದು? ಪ್ರೇಮಾವತಿಯವರ ಎದೆಯ ಮೇಲೆ ಕುಳಿತಿದ್ದ ಕಲ್ಲು ಇದು.

ಈ ಬಚ್ಚಲು ಹುಟ್ಟಿದ ಕತೆ ಹೇಳಲೇಬೇಕು. ದೊಡ್ಡ ದೊಡ್ಡ ಸಂಸ್ಥೆಗಳೆಲ್ಲ ಯಾರಾದರೂ ಮಹಾನುಭಾವರು ಸಂಕಲ್ಪ ಮಾಡಿ ಹುಟ್ಟುತ್ತವೆ. ಇದು ಹುಟ್ಟಿದ್ದು ಪ್ರೇಮಾವತಿ ಒಬ್ಬರನ್ನು ಇನ್ನೊಬ್ಬರೆಂದು ತಪ್ಪು ತಿಳಿದುಕೊಂಡದ್ದರಿಂದ.

ಆಗ ಅವರು ಬ್ರಹ್ಮಾವರದಿಂದ ಮದುವೆಯಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ಮಗ ಸುದೀಪ ತೊಟ್ಟಿಲಲ್ಲಿದ್ದ. ಗಂಡ ಸದಾನಂದರ ಹೋಟೆಲಿನ ಹಿಂದೆಯೇ ಎರಡು ಕೋಣೆಯ ಸಂಸಾರ. ಎರಡರ ನಡುವೆ ಒಲೆ ಹೂಡಿದ ಬಚ್ಚಲು. ಹಂಡೆಯನ್ನು ಊರಿಂದ ತೆಂಗಿನಕಾಯಿ ಲಾರಿಯಲ್ಲಿ ತರಿಸಿದವರು ಅತ್ತೆ. ಹಬ್ಬದ ಮುನ್ನಾ ದಿನ ಅತ್ತೆ ಸೊಸೆಯನ್ನು ಕರೆದು ಹೇಳಿದರು: "ನಾಳೆ ಬೆಳಿಗ್ಗೆ ಬಸ್ಸಿಗೆ ನನ್ನ ತಂಗಿ ಬರ್ತಾಳೆ, ಬಾರ್ಕೂರಿನವಳು. ನೀನು ನೋಡಿಲ್ಲ, ಮದುವೆಗೆ ಅವಳಿಗೆ ಬರ್ಲಿಕ್ಕೆ ಆಗಿರಲಿಲ್ಲ. ಕಿವಿ ಸ್ವಲ್ಪ ಮಂದ ಆಗಿದೆಯಂತೆ. ನಾನು ದೇವರ ಎದುರು ಕೂತಿರ್ತೇನೆ. ಬಂದ ಕೂಡಲೇ ನೀನೇ ಎಣ್ಣೆ ಹಚ್ಚಿ ನೀರು ಹಾಕು. ಇಲ್ಲದಿದ್ದರೆ ಸೊಸೆ ತಾತ್ಸಾರ ಮಾಡಿದಳು ಅಂತ ಊರಿಡೀ ಹೇಳಿಕೊಂಡು ತಿರುಗ್ತಾಳೆ."

ಬೆಳಗಿನ ಜಾವ ಉರಿಯುತ್ತಿದ್ದ ಒಲೆಗೆ ಇನ್ನಷ್ಟು ಸೌದೆ ಹಾಕಲು ಪ್ರೇಮಾವತಿ ಹಿಂಬಾಗಿಲು ತೆಗೆದರೆ, ಮೆಟ್ಟಿಲ ಮೇಲೆ ಒಬ್ಬ ಹೆಂಗಸು. ಪಕ್ಕದಲ್ಲಿ ಒಂದು ಗಂಟು. ಒಲೆಯ ಕಾವಿಗೆ ಬೆಚ್ಚಗಾದ ಗೋಡೆಗೆ ಬೆನ್ನು ಕೊಟ್ಟು ಮುದುಡಿ ಕುಳಿತಿದ್ದಾಳೆ. ಬಟ್ಟೆಯೆಲ್ಲ ಧೂಳು. ಘಾಟಿ ಹತ್ತಿ ಬಂದ ಬಸ್ಸಲ್ಲವೇ, ಧೂಳಿರದೆ ಇನ್ನೇನು ಎಂದುಕೊಂಡರು ಪ್ರೇಮಾವತಿ. "ಅಯ್ಯೋ, ಇಲ್ಲೇ ಕೂತಿದ್ದೀರಾ ಚಿಕ್ಕಮ್ಮ? ಬಾಗಿಲು ಬಡಿಯುವುದಲ್ವಾ!" ಎಂದು ಕೈ ಹಿಡಿದು ಎಬ್ಬಿಸಿದರು. ಹೆಂಗಸು ಬಾಯಿ ಬಿಡಲಿಲ್ಲ. ಕಿವಿ ಮಂದವಲ್ಲವೇ! ಪ್ರೇಮಾವತಿ ಇನ್ನೂ ಜೋರಾಗಿ ಕೂಗಿ, ಗಂಟನ್ನು ತಾವೇ ಎತ್ತಿಕೊಂಡು, ಅವಳನ್ನು ಬಚ್ಚಲಿನ ಮಣೆಯ ಮೇಲೆ ಕೂರಿಸಿಯೇ ಬಿಟ್ಟರು.

ನೆತ್ತಿಗೆ ಎಣ್ಣೆ ಬಿದ್ದದ್ದೇ ತಡ, ಹೆಂಗಸಿನ ಮೈ ಸೆಟೆದುಕೊಂಡಿತು. ಆಮೇಲೆ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಪ್ರೇಮಾವತಿ ಎಣ್ಣೆಯ ಬಟ್ಟಲು ಕೆಳಗಿಟ್ಟರು. "ಮದುವೆಗೆ ಬರಲಿಕ್ಕೆ ಆಗದಿದ್ದರೆ ಎಂತ ಆಯ್ತು ಚಿಕ್ಕಮ್ಮ? ಈಗ ಬಂದಿರಲ್ಲ. ಅಳಬೇಡಿ, ಹಬ್ಬದ ದಿನ," ಎಂದು ಬೆನ್ನು ಸವರಿ ಸಮಾಧಾನ ಮಾಡಿದರು. ಕೂದಲು ಜಡೆಗಟ್ಟಿತ್ತು, ಹೇನೂ ಇತ್ತು. ಇರಲಿ, ಎಷ್ಟು ದೊಡ್ಡ ಮನೆಯವರ ತಲೆಯಲ್ಲಿ ಹೇನಿಲ್ಲ ಎಂದುಕೊಂಡು ಸೀಗೆಪುಡಿ ಹಾಕಿ ತಿಕ್ಕಿದರು. ಕೊಡಪಾನದ ಮೇಲೆ ಕೊಡಪಾನ ನೀರು ಹೊಯ್ದರು. ಚಿಕ್ಕಮ್ಮನಿಗೆಂದು ತೆಗೆದಿಟ್ಟಿದ್ದ ಸಾಸಿವೆ ಬಣ್ಣದ ಅಂಚಿನ ಹಸಿರು ಸೀರೆ ಉಡಿಸಿ, ಆರತಿ ಎತ್ತಿ, ಮಣೆ ಹಾಕಿ, ಬಾಳೆಲೆಯಲ್ಲಿ ಸಿಹಿ ಅವಲಕ್ಕಿ ಬಡಿಸಿದರು. ಇಷ್ಟೆಲ್ಲ ಆದ ಮೇಲೆ ಅತ್ತೆ ಪೂಜೆ ಮುಗಿಸಿ ಬಂದು ನೋಡುತ್ತಾರೆ.

"ಯಾರೇ ಇವಳು?"

"ಚಿಕ್ಕಮ್ಮ ಅಲ್ವಾ ಅತ್ತೆ?"

ಅಷ್ಟರಲ್ಲಿ ಮುಂಬಾಗಿಲಲ್ಲಿ ರಿಕ್ಷಾ ನಿಂತಿತು. ಬಾರ್ಕೂರಿನ ನಿಜವಾದ ಚಿಕ್ಕಮ್ಮ ಇಳಿದು, ಬಸ್ಸು ತಡವಾಯಿತೆಂದು ಡ್ರೈವರನನ್ನೂ ಕಂಡಕ್ಟರನನ್ನೂ ಬೀದಿಗೆಲ್ಲ ಕೇಳುವಂತೆ ಬೈಯುತ್ತ ಒಳಗೆ ಬಂದರು. ಎಲೆಯ ಮುಂದಿದ್ದ ಹೆಂಗಸು ಒಂದೊಂದೇ ಮುಖ ನೋಡಿ, ತುತ್ತನ್ನು ಎಲೆಗೆ ವಾಪಸು ಹಾಕಿ, ಮೆಲ್ಲಗೆ ಎದ್ದು ನಿಂತಳು.

ಅತ್ತೆಯ ಬಾಯಿಯ ಖಾರ ಹೋಟೆಲಿನ ಚಟ್ನಿಗೂ ಇರಲಿಲ್ಲ. ಇವತ್ತು ತನಗೆ ಗ್ರಹಚಾರ ಕಾದಿದೆಯೆಂದು ಪ್ರೇಮಾವತಿ ಕಣ್ಣು ಮುಚ್ಚಿಕೊಂಡರು. ಅತ್ತೆ ಆ ಹೆಂಗಸಿನ ಒದ್ದೆ ತಲೆ ನೋಡಿದರು, ಹಣೆಯ ಕುಂಕುಮ ನೋಡಿದರು. "ನಮ್ಮ ಮನೆಯಲ್ಲಿ ತಲೆಗೆ ಎಣ್ಣೆ ಬಿದ್ದಾಯ್ತು, ಆರತಿಯೂ ಆಯ್ತು. ಇನ್ನು ಇವಳು ಹೊರಗಿನವಳು ಅಂತ ಹೇಳುವ ಬಾಯಿ ನನಗಿಲ್ಲ. ಕೂರಿಸು. ಇನ್ನೂ ಸ್ವಲ್ಪ ಅವಲಕ್ಕಿ ಹಾಕು."

ಆ ಮಾತನ್ನು ನೆನೆದು ಪ್ರೇಮಾವತಿ ಇವತ್ತಿಗೂ ಕೈ ಮುಗಿಯುತ್ತಾರೆ. ಅತ್ತೆ ಆಗ ಒಂದೇ ಒಂದು ಬೇರೆ ಮಾತು ಆಡಿದ್ದರೂ ಮುಂದಿನದ್ದು ಯಾವುದೂ ಆಗುತ್ತಿರಲಿಲ್ಲ. ಬಾರ್ಕೂರಿನ ಚಿಕ್ಕಮ್ಮ ಮಾತ್ರ ತನ್ನ ಸೀರೆ ಯಾರದೋ ಪಾಲಾಯಿತೆಂದು ಸಾಯುವವರೆಗೂ ಗೊಣಗಿದರು. ಅವರದ್ದೂ ತಪ್ಪಲ್ಲ ಬಿಡಿ.

ಆ ಹೆಂಗಸಿನ ಹೆಸರು ಹೌಸಾಬಾಯಿ. ಬಾರಾಮತಿಯ ಕಡೆ ಕಬ್ಬು ಕಡಿಯುವ ಗುಂಪಿನಲ್ಲಿದ್ದವಳು; ಗಂಡ ತೀರಿಕೊಂಡ ಮೇಲೆ ಗುಂಪು ಅವಳನ್ನು ಬಿಟ್ಟು ಮುಂದೆ ಹೋಗಿತ್ತು. ಇದೆಲ್ಲ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ. ಹಬ್ಬದ ಮರುವಾರ ಅವಳು ಹಿಂಬಾಗಿಲಿಗೆ ಮತ್ತೆ ಬಂದಳು, ಜತೆಗೆ ಫುಟ್‌ಪಾತಿನ ಇನ್ನೊಬ್ಬ ಮುದುಕಿ. ಏನೂ ಕೇಳಲಿಲ್ಲ, ಹಂಡೆಯ ಕಡೆ ಕೈ ತೋರಿಸಿದಳು ಅಷ್ಟೆ. ಹಂಡೆಯಲ್ಲಿ ನೀರಿತ್ತು. ಪ್ರೇಮಾವತಿ ಸೆರಗು ಸಿಕ್ಕಿಸಿದರು.

ಹೀಗೆ ಶುರುವಾಯಿತು ನೋಡಿ. ಹೋಟೆಲಿಗೆ ರಜೆ ಇರುವ ಮಂಗಳವಾರ ಹೆಂಗಸರಿಗೆ, ಭಾನುವಾರ ಮಧ್ಯಾಹ್ನ ಗಂಡಸರಿಗೆ. ಸದಾನಂದರು ಮೊದಮೊದಲು ಸೌದೆ ಸಾಲದೆಂದು ಗುರುಗುಟ್ಟಿದರು. ಗುರುಗುಟ್ಟುತ್ತಲೇ ಇನ್ನೊಂದು ಬಚ್ಚಲು ಕಟ್ಟಿಸಿದರು. "ಇಂಥವರು ಹಿಂದೆ ಸ್ನಾನ ಮಾಡುವಲ್ಲಿ ನಾವು ಮುಂದೆ ಕೂತು ತಿನ್ನುವುದು ಹೇಗೆ?" ಎಂದ ಗಿರಾಕಿಗೆ, "ಪಕ್ಕದ ಹೋಟೆಲಲ್ಲೂ ಇಡ್ಲಿ ಚೆನ್ನಾಗುಂಟು ಮಾರಾಯ್ರೆ," ಎಂದು ದಾರಿ ತೋರಿಸಿದರು. ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ವಿಜಯಪುರದ ಈರಣ್ಣ ದಿನಾ ಇಡ್ಲಿ ತಿನ್ನಲು ಬರುತ್ತಿದ್ದವರು, ತಾವಾಗಿ ಮುಂದೆ ಬಂದು ಇದನ್ನೊಂದು ಸಂಸ್ಥೆ ಮಾಡಿ, 'ಅಭ್ಯಂಗ ಸೇವಾ ಮಂಡಳ' ಎಂದು ಬೋರ್ಡು ಬರೆಸಿದರು. ಆ ಬೋರ್ಡನ್ನು ಈರಣ್ಣನವರ ಹೊರತು ಯಾರೂ ಓದಿದ್ದು ಕಾಣೆ. ಎಲ್ಲರ ಬಾಯಲ್ಲೂ ಅದು ಚಿಕ್ಕಮ್ಮನ ಬಚ್ಚಲು. ಈರಣ್ಣನವರ ಹೆಂಡತಿ ಕಾಶವ್ವ ಮೊದಲ ದಿನ ಮೂಗಿಗೆ ಸೆರಗು ಹಿಡಿದು ದೂರ ನಿಂತಿದ್ದರು. ಎರಡನೇ ದಿನ, "ಸೀಗೆಕಾಯಿ ಹಿಂಗ ಹಚ್ಚತಾರೇನ್ರಿ? ಸರೀರಿ ಆ ಕಡೆ," ಎಂದು ತಂಬಿಗೆ ಕಸಿದುಕೊಂಡವರು ಆಮೇಲೆ ಕೈಬಿಡಲೇ ಇಲ್ಲ.

ಅತ್ತೆ ಹಾಕಿದ ಕಟ್ಟಳೆ ಒಂದೇ. ಸ್ನಾನ ಆಗುವವರೆಗೆ ಯಾರನ್ನೂ ಹೆಸರು, ಊರು, ಕಾರಣ ಕೇಳಕೂಡದು. ಬಂದ ಹೆಂಗಸರೆಲ್ಲ ಚಿಕ್ಕಮ್ಮ, ಗಂಡಸರೆಲ್ಲ ಚಿಕ್ಕಪ್ಪ. ತಲೆ ಒಣಗಿದ ಮೇಲೆ ಅವರಾಗಿ ಹೇಳಿದರೆ ಕೂತು ಕೇಳಬೇಕು. ಹಾಗೆ ಕೇಳುತ್ತಲೇ ಎಷ್ಟೋ ಜನಕ್ಕೆ ದಾರಿಯಾಯಿತು. ಒಬ್ಬಳನ್ನು ಮಗಳ ಮನೆಗೆ ಮುಟ್ಟಿಸಿದರು, ಒಬ್ಬನನ್ನು ಆಸ್ಪತ್ರೆಗೆ ಸೇರಿಸಿದರು, ಇನ್ನೊಬ್ಬನಿಗೆ ವಾಚ್‌ಮನ್ ಕೆಲಸ ಕೊಡಿಸಿದರು. ಮಿಂದು ತಲೆ ಬಾಚಿದವನಿಗೆ ಕೆಲಸ ಸಿಗುವುದು ಸ್ವಲ್ಪ ಸುಲಭ. ಕೊರೋನಾ ಬಂದು ಹೋಟೆಲು ಮುಚ್ಚಿದಾಗ ಮುಂದಿನ ಬಾಗಿಲಿಗೆ ಬೀಗ, ಹಿಂದಿನ ಒಲೆ ಮಾತ್ರ ದಿನವೂ ಉರಿಯಿತು. ಸೋಲಾಪುರ ರಸ್ತೆಯಲ್ಲಿ ಊರಿಗೆ ನಡೆದು ಹೊರಟವರ ಕಾಲಿಗೆ ಸದಾನಂದರು ಬಿಸಿನೀರು ಹೊಯ್ದರು. ಅದಾದ ಮರುವರ್ಷ ಅವರು ತೀರಿಕೊಂಡರು. ಆ ದಿನ ಬೀದಿಯುದ್ದಕ್ಕೂ ನಿಂತಿದ್ದ ಜನರಲ್ಲಿ ಅರ್ಧಕ್ಕರ್ಧ ಅವರ ಚಿಕ್ಕಮ್ಮ, ಚಿಕ್ಕಪ್ಪಂದಿರೇ.

ಹೌಸಾಬಾಯಿಯ ವಿಷಯ ಹೇಳುವುದಾದರೆ, ಅವಳು ಹೋಟೆಲಿನಲ್ಲಿ ತರಕಾರಿ ಹೆಚ್ಚುತ್ತ, ಕರಾವಳಿ ಕನ್ನಡ ಕಲಿತು, ಕಾಲುವೆಯಾಚೆಯ ವಸ್ತಿಯ ಬಡವರ ಓಣಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಹೆಂಗಸರ ಬಚ್ಚಲು ಕ್ರಮೇಣ ಅವಳ ಕೈಗೇ ಬಂತು. ಪ್ರೇಮಾವತಿಯನ್ನು ಅವಳು ವಹಿನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದಳು. ಒಂದು ದಿನ ಪ್ರೇಮಾವತಿ ಕೇಳಿದ್ದರು, "ಆವತ್ತು ನೀನು ಚಿಕ್ಕಮ್ಮ ಅಲ್ಲ ಅಂತ ಯಾಕೆ ಹೇಳಲಿಲ್ಲ ಮಾರಾಯ್ತಿ?" ಹೌಸಾಬಾಯಿ ಬೆಂಡೆಕಾಯಿ ಹೆಚ್ಚುತ್ತಲೇ, "ಹೇಳಬೇಕಿತ್ತು ವಹಿನಿ. ತಲೆ ಮೇಲೆ ಕೈ ಬಿದ್ದ ಮೇಲೆ ಬಾಯಿ ಬರಲಿಲ್ಲ," ಎಂದಿದ್ದಳು. ಪ್ರೇಮಾವತಿ ನಕ್ಕು ಬಿಟ್ಟಿದ್ದರು. ಅದರ ಅರ್ಥ ಅವರಿಗೆ ಆಗ ಪೂರ್ತಿ ಆಗಿರಲಿಲ್ಲ.

ಇಂಥ ಬಚ್ಚಲಿಗೆ ಈಗ ನೆಲೆ ಇಲ್ಲ. ಸುದೀಪ ಹಿಂಜವಾಡಿಯ ಐಟಿ ಕಂಪನಿಗಳ ನಡುವೆ ಹೊಸ ಹೋಟೆಲು ಹಾಕಿದ್ದಾನೆ. ಹೊಳೆಯುವ ಜಾಗ, ಆದರೆ ಅದಕ್ಕೆ ಹಿಂಬಾಗಿಲೇ ಇಲ್ಲ. ಅವನು ಕೆಟ್ಟವನಲ್ಲ. "ಅಮ್ಮಾ, ಈ ವರ್ಷ ಫರಾಳದ ಪ್ಯಾಕೆಟ್ ಹಂಚುವ. ಚಕ್ಕುಲಿ, ಲಾಡು, ಎಲ್ಲ ನಾನೇ ಕೊಡ್ತೇನೆ," ಎಂದ.

"ಚಕ್ಕುಲಿಯನ್ನು ತಲೆಗೆ ಹಚ್ಚಿಕೊಳ್ಳಲಿಕ್ಕೆ ಆಗ್ತದಾ?" ಎಂದರು ಪ್ರೇಮಾವತಿ.

ಈರಣ್ಣನವರು ಈ ವಯಸ್ಸಿನಲ್ಲೂ ಕೊಡೆ ಹಿಡಿದು ಊರೆಲ್ಲ ಅಲೆದರು. ಮಂಗಲ ಕಾರ್ಯಾಲಯ, ಸೊಸೈಟಿ ಹಾಲ್, ಎರಡು ಶಾಲೆ, ಒಂದು ಮಠ. ಬಂದು ಸೋಫಾದಲ್ಲಿ ಕುಸಿದು ಕುಳಿತರು. "ಅಕ್ಕಾರ, ಅನ್ನದಾನ ಅಂದ್ರ ಹಾಲ್ ಕೊಡ್ತಾರ್ರಿ. ಕಂಬಳಿ ಹಂಚ್ತೀವಿ ಅಂದ್ರ ಫೋಟೋಕ್ಕೂ ಬಂದು ನಿಂದರ್ತಾರ. ನಿಮ್ಮ ಬಚ್ಚಲದಾಗ ನಾಕ್ ಮಂದಿ ಬಡವರಿಗೆ ನೀರು ಎರೀತೀವಿ ಅಂದಕೂಡ್ಲೆ ಮಾರಿ ಸಣ್ಣದಾಗ್ತದ. 'ಬಘೂ', ನೋಡೂಣು ಅಂತಾರ. ಪುಣೇದಾಗ 'ಬಘೂ' ಅಂದ್ರ, ನೋಡೂದಿಲ್ಲ ಅಂತ ತಿಳ್ಕೋಬೇಕ್ರಿ." ಪ್ರೇಮಾವತಿ ತಮ್ಮ ಫ್ಲ್ಯಾಟಿನ ಬಚ್ಚಲಾದರೂ ಇದೆಯಲ್ಲ ಎಂದರೆ, ಸೊಸೈಟಿಯ ಚೇರ್ಮನ್ ಲಿಫ್ಟಿನ ನೆಪ ಹೇಳಿ ಕೈ ಮುಗಿದ. ಅನ್ನ ಕೊಟ್ಟರೆ ಕೊಟ್ಟವರ ಮನೆ ಹಾಗೇ ಇರುತ್ತದೆ. ಬಚ್ಚಲು ಕೊಡಬೇಕಾದರೆ ಬಾಗಿಲು ತೆರೆಯಬೇಕು. ಅದಕ್ಕೇ ಇಷ್ಟೆಲ್ಲ ಬಘೂ.

ಹಬ್ಬದ ಮುನ್ನಾ ದಿನ ಪ್ರೇಮಾವತಿ ನೀರು ತುಂಬಲಿಲ್ಲ. "ನನ್ನ ಕಾಲಕ್ಕೇ ಶುರುವಾಯ್ತು, ನನ್ನ ಕಣ್ಣೆದುರೇ ಮುಗೀತು," ಎಂದು ಗಂಡನ ಫೋಟೋಕ್ಕೆ ಹೇಳಿ, ಬೇಗ ಮಲಗಿದರು.

ಬೆಳಗಿನ ಜಾವ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಹೌಸಾಬಾಯಿ. ತಲೆ ಪೂರ್ತಿ ಬೆಳ್ಳಗಾಗಿದೆ, ಬೆನ್ನು ಸ್ವಲ್ಪ ಬಾಗಿದೆ. ವರ್ಷವೂ ಈ ಹೊತ್ತಿಗೆ ಮೊದಲ ಸ್ನಾನ ಅವಳದ್ದೇ. ಪ್ರೇಮಾವತಿಯೇ ಎಣ್ಣೆ ಹಚ್ಚಬೇಕು. ಪ್ರೇಮಾವತಿಯವರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. "ನೀರಿಲ್ಲ ಹೌಸಾ. ಈ ವರ್ಷ ನನ್ನ ಹತ್ತಿರ ಎಂತದೂ ಇಲ್ಲ," ಎಂದರು.

"ಗೊತ್ತುಂಟು. ಚಪ್ಪಲಿ ಹಾಕಿಕೊಳ್ಳಿ ವಹಿನಿ. ರಿಕ್ಷಾ ನಿಲ್ಲಿಸಿ ಬಂದಿದ್ದೇನೆ."

ಉಟ್ಟ ಬಟ್ಟೆಯಲ್ಲೇ ಕರೆದುಕೊಂಡು ಹೊರಟಳು. ರಿಕ್ಷಾ ಕಾಲುವೆ ದಾಟಿ ವಸ್ತಿಯ ಬಾಯಿಗೆ ನಿಂತಿತು. ಅಷ್ಟು ಹೊತ್ತಿಗೇ ಓಣಿಯಲ್ಲಿ ಬೆಳಕು, ಹೊಗೆ, ಗಲಾಟೆ. ಒಂದೊಂದು ಮನೆಯ ಮುಂದೆಯೂ ಒಲೆ ಅಥವಾ ಸ್ಟವ್. ಅದರ ಮೇಲೆ ಕೈಗೆ ಸಿಕ್ಕಿದ್ದು, ಡಬ್ಬ, ಪಾತೇಲಿ, ತಳ ಕಪ್ಪಾದ ಬಕೆಟ್ಟು. ಎಲ್ಲದರಲ್ಲೂ ನೀರು ಕಾಯುತ್ತಿತ್ತು. ಮೊದಲ ಮನೆಯ ಹೊಸ್ತಿಲಲ್ಲಿ ಶೀತಲ್ ಎಂಬ ಹುಡುಗಿ ಬಸ್ ಸ್ಟ್ಯಾಂಡಿನ ಮುದುಕಿಯೊಬ್ಬಳ ತಲೆಗೆ ಎಣ್ಣೆ ತಟ್ಟುತ್ತಿದ್ದಳು. ಅದರಾಚೆ ಟಾರ್ಪಾಲಿನ ಮರೆ, ಮರೆಯ ಹಿಂದಿನಿಂದ ನೀರು ಸುರಿಯುವ ಸದ್ದು, ಯಾರೋ ಚಿಕ್ಕಪ್ಪ ಹಾಯ್ ಎಂದು ನಿಟ್ಟುಸಿರು ಬಿಟ್ಟದ್ದು. ಇನ್ನೂ ಮುಂದೆ ನಮ್ಮ ಕಾಶವ್ವ, ಸೆರಗು ಸಿಕ್ಕಿಸಿ, "ಕಣ್ಣ ಮುಚ್ಚ ಬೇ, ಸೀಗೆಕಾಯಿ ಹೋಗ್ತದ!" ಎಂದು ಮರಾಠಿ ಮುದುಕಿಗೆ ಅಚ್ಚ ಕನ್ನಡದಲ್ಲಿ ಗದರುತ್ತಿದ್ದರು. ಈರಣ್ಣನವರು ಎರಡೂ ಕೈಯಲ್ಲಿ ಬಕೆಟ್ಟು ಹಿಡಿದು ನಲ್ಲಿಯಿಂದ ಓಡಿಬರುತ್ತಿದ್ದವರು ಪ್ರೇಮಾವತಿಯನ್ನು ಕಂಡು, "ಮೊದ್ಲ ಹೇಳಿದ್ರ ನೀವು ಬ್ಯಾಡ ಅಂತಿದ್ರಿ, ಅದಕ್ಕ ಹೇಳಲಿಲ್ರಿ ಅಕ್ಕಾರ!" ಎಂದು ಹಲ್ಲು ಬಿಟ್ಟರು.

"ಇದೆಲ್ಲ ಯಾರು ಮಾಡಿದ್ದು?" ಪ್ರೇಮಾವತಿ ನಿಂತಲ್ಲೇ ನಿಂತರು.

"ನಾನು ನಲ್ಲಿ ಹತ್ತಿರ ನೀರಿಗೆ ಬಂದವರಿಗೆ ಹೇಳಿದೆ ಅಷ್ಟೇ," ಎಂದಳು ಹೌಸಾಬಾಯಿ. "ಒಂದೇ ಮನೆಯಲ್ಲಿ ಎಲ್ಲರಿಗೂ ಜಾಗ ಸಾಲದು. ಒಂದೊಂದು ಮನೆಗೆ ಒಬ್ಬೊಬ್ಬ ಚಿಕ್ಕಮ್ಮನೋ ಚಿಕ್ಕಪ್ಪನೋ ಬರಲಿ ಅಂದೆ. ಇಲ್ಲಿ ಇರುವವರಲ್ಲಿ ಎಷ್ಟೋ ಜನ ನಿಮ್ಮ ಮಣೆಯಲ್ಲಿ ಕೂತವರು ವಹಿನಿ. ಬಘೂ ಅಂತ ಯಾರೂ ಹೇಳಲಿಲ್ಲ."

ಪ್ರೇಮಾವತಿ ಓಣಿಯ ತುದಿಯವರೆಗೆ ಕಣ್ಣು ಹಾಯಿಸಿದರು. ಕೈ ಮುಗಿದರು. ಯಾರಿಗೆಂದು ಅವರಿಗೂ ಗೊತ್ತಿರಲಿಲ್ಲ. ಓಣಿಗೆ, ಒಲೆಗಳಿಗೆ, ಹೋದ ಅತ್ತೆಗೆ, ಎಲ್ಲರಿಗೂ ಸೇರಿಸಿ ಮುಗಿದರು.

ಹೌಸಾಬಾಯಿಯ ಕೋಣೆ ಓಣಿಯ ಕೊನೆಯದು. ಒಳಗೆ ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಪುಟ್ಟ ಬಚ್ಚಲು, ಅದರಲ್ಲೊಂದು ಮಣೆ. ಪಕ್ಕದ ಸ್ಟವ್ ಮೇಲೆ ನೀರು ಹಬೆಯಾಡುತ್ತಿತ್ತು. ಪಾತ್ರೆಯ ಕುತ್ತಿಗೆಗೆ ಚೆಂಡುಹೂವಿನ ಸರ.

"ನಿನ್ನ ಮನೆಗೆ ಯಾರು ಬರುವುದು? ಇನ್ನೂ ಬರಲಿಲ್ವಾ?" ಪ್ರೇಮಾವತಿ ಬಾಗಿಲ ಕಡೆ ನೋಡಿದರು.

"ಬಂದಾಯ್ತು. ಬಸ್ಸು ಸ್ವಲ್ಪ ತಡ," ಎಂದು ಹೌಸಾಬಾಯಿ ಅವರ ಭುಜ ಹಿಡಿದು ಮಣೆಯ ಮೇಲೆ ಕೂರಿಸಿಯೇ ಬಿಟ್ಟಳು.

ಪಕ್ಕದ ಮನೆಯವಳು ಇಣುಕಿ, "ಕೋಣ ಆಲಂಯ ಗ?" ಎಂದು ಯಾರು ಬಂದರೆಂದು ಕೇಳಿದಳು.

"ಮಾಝೀ ಮಾವಶೀ," ಎಂದಳು ಹೌಸಾಬಾಯಿ, ಗಟ್ಟಿಯಾಗಿ, ಓಣಿಗೆ ಕೇಳುವಂತೆ. "ನನ್ನ ಚಿಕ್ಕಮ್ಮ. ಊರಿಂದ ಬಂದಿದ್ದಾಳೆ."

ಪ್ರೇಮಾವತಿ ಬೇಡ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ನೆತ್ತಿಗೆ ಬಿಸಿ ಎಣ್ಣೆ ಬಿತ್ತು. ಅದರ ಮೇಲೆ ಕಬ್ಬು ಕಡಿದು, ಬೆಂಡೆ ಹೆಚ್ಚಿ, ನೂರಾರು ತಲೆ ತೊಳೆದು ಒರಟಾದ ಅಂಗೈ ಬಿತ್ತು. ಅತ್ತೆ ಹೋದ ಮೇಲೆ ಪ್ರೇಮಾವತಿಯ ತಲೆ ಮೇಲೆ ಯಾರೂ ಕೈ ಇಟ್ಟಿರಲಿಲ್ಲ. ಇಡೀ ಊರಿಗೆ ಎಣ್ಣೆ ಹಚ್ಚಿದ ಹೆಂಗಸಿಗೆ ಎಣ್ಣೆ ಹಚ್ಚಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ. ಬಾಯಿ ಬರಲಿಲ್ಲ. ಹೌಸಾ ಅಂದು ಹೇಳಿದ್ದು ಇದೇ ಎಂದು ಗೊತ್ತಾಯಿತು. ಬಿಕ್ಕಿ ಬಿಕ್ಕಿ ಅತ್ತರು.

"ಅಳಬೇಡಿ ಚಿಕ್ಕಮ್ಮ, ಹಬ್ಬದ ದಿನ," ಎಂದಳು ಹೌಸಾಬಾಯಿ. ಹೇಳುತ್ತ ತಾನೂ ಮೂಗು ಒರೆಸಿಕೊಂಡಳು.

"ನೀರು ಸುಡ್ತದೆ ಮಾರಾಯ್ತಿ," ಎಂದು ಪ್ರೇಮಾವತಿ ಗದರಿದರು. "ಇರಲಿ, ಹಾಕು. ಇನ್ನೂ ಹಾಕು."

ಸ್ನಾನ ಮುಗಿದ ಮೇಲೆ ಉಡಲು ಬೇರೆ ಬಟ್ಟೆ ತಂದಿಲ್ಲವೆಂದು ನೆನಪಾಯಿತು. ಹೌಸಾಬಾಯಿ ಪೆಟ್ಟಿಗೆ ತೆಗೆದು, ಮಡಿಕೆಯ ಗುರುತುಗಳಲ್ಲಿ ಬಿಳಿಚಿಕೊಂಡ ಹಸಿರು ಸೀರೆಯೊಂದನ್ನು ಬಿಡಿಸಿದಳು. ಸಾಸಿವೆ ಬಣ್ಣದ ಅಂಚು. "ಇದು ಚಿಕ್ಕಮ್ಮನ ಸೀರೆಯಲ್ಲವಾ," ಎಂದು ಅವಳೇ ಉಡಿಸಿದಳು, ಆರತಿ ಎತ್ತಿದಳು, ತಟ್ಟೆಯಲ್ಲಿ ಸಿಹಿ ಅವಲಕ್ಕಿ ಇಟ್ಟಳು.

ಪ್ರೇಮಾವತಿ ಒಂದು ತುತ್ತು ಬಾಯಿಗಿಟ್ಟು, ಹೌಸಾಬಾಯಿಯ ಫೋನು ಇಸಿದುಕೊಂಡು ಮಗನಿಗೆ ಮಾಡಿದರು.

"ಸುದೀಪ, ಏಳು. ಬಾಲ್ಕನಿಯ ಹಂಡೆ ಇಳಿಸಿ ಟೆಂಪೋದಲ್ಲಿ ಕಾಲುವೆಯಾಚೆಯ ವಸ್ತಿಗೆ ತಾ. ಬರುವ ಮಂಗಳವಾರದಿಂದ ಅದು ಇಲ್ಲೇ. ಹುಣಸೆಹಣ್ಣೂ ತಾ, ತಿಕ್ಕಬೇಕು... ಎಂತ? ಇಲ್ಲ, ನಾನು ಈಗ ಮನೆಗೆ ಬರುವುದಿಲ್ಲ. ನನ್ನ ತಲೆ ಇನ್ನೂ ಒದ್ದೆ ಉಂಟು."